ಎಲ್ಲರೂ ಹೊಗಳಿದ ಕಾಲೇಜು ಸ್ಪೋರ್ಟ್ಸ್ ರೊಮಾನ್ಸ್ ನಿಮಗೆ ಹಿಡಿಸದಿದ್ದರೆ ಏನು ಮಾಡಬೇಕು

ಪುಸ್ತಕ ಮುಗಿದಾಗ ರಾತ್ರಿ ಹನ್ನೊಂದೂವರೆ. ಹೊರಗೆ ಶಿರಸಿಯ ಜುಲೈ ಮಳೆ. ಕರೆಂಟ್ ಹೋಗಿ ಎರಡು ತಾಸಾಗಿತ್ತು. ಕೊನೆಯ ನಲವತ್ತು ಪುಟ ಚಾರ್ಜಿಂಗ್ ಲೈಟಿನ ಬೆಳಕಲ್ಲಿ ಓದಿದ್ದೆ. ಮುಚ್ಚಿಟ್ಟು ಸುಮ್ನೆ ಕೂತೆ. ಅಳು ಬರುವಷ್ಟು ಬೇಜಾರಾಗಿತ್ತು.

ಅಮೆರಿಕದ ಒಂದು ಕಾಲೇಜು. ಅಲ್ಲಿನ ಐಸ್ ಹಾಕಿ ತಂಡದ ಕ್ಯಾಪ್ಟನ್, ಅವನಿಗೆ ಪಾಠ ಹೇಳಿಕೊಡಲು ಬರುವ ಹುಡುಗಿ. ಕಥೆ ಇಷ್ಟೇ. ಹೆಸರು ಬೇಡ, ಈ ಥರದ್ದು ಈಗ ರಾಶಿ ರಾಶಿ ಬರುತ್ತಿವೆ. ಎರಡು ತಿಂಗಳಿಂದ ಯಾವ ರೀಲ್ ತೆಗೆದರೂ ಅದೇ ನೀಲಿ ಕವರ್ ಕಾಣುತ್ತಿತ್ತು. ಕಾರವಾರದ ಹಾಸ್ಟೆಲ್‌ನಲ್ಲಿ ಇದ್ದು ಡಿಗ್ರಿ ಓದುತ್ತಿರುವ ಅಕ್ಕನ ಮಗಳು ಊರಿಗೆ ಬಂದಾಗ ಅದನ್ನು ಕೈಗಿಟ್ಟು, "ಚಿಕ್ಕಿ, ಇದು ನಿಂಗಂತಲೇ ಬರ್ದಿದ್ದು" ಎಂದಿದ್ದಳು. ಅವಳು ಹಾಗೆ ಹೇಳಲು ಕಾರಣ ಇದೆ. ನಾನು ಡಿಗ್ರಿಯ ಮೂರೂ ವರ್ಷ ಕಾಲೇಜಿನ ವಾಲಿಬಾಲ್ ಟೀಮಿನಲ್ಲಿದ್ದೆ, ಲಿಫ್ಟರ್ ಆಗಿ, ಅಂದರೆ ಹೊಡೆಯುವವರಿಗೆ ಬಾಲ್ ಎತ್ತಿಕೊಡುವವಳಾಗಿ. ಪ್ರೇಮಕಥೆ ಅಂದರೆ ಹದಿನಾಲ್ಕನೇ ವಯಸ್ಸಿನಿಂದ ಪ್ರಾಣ. ಕಾಲೇಜು, ಆಟ, ಪ್ರೀತಿ ಮೂರೂ ಒಂದೇ ಪುಸ್ತಕದಲ್ಲಿ ಸಿಗುತ್ತದೆ ಅಂದರೆ ಎಷ್ಟು ಆಸೆಯಿಂದ ತೆರೆದಿರಬೇಡ ಹೇಳಿ.

ಆ ರಾತ್ರಿ ಒಂದು ಸ್ಟಾರ್ ಕೊಟ್ಟು ನಾಲ್ಕು ಸಾಲು ಬೈದು ಬರೆಯೋಣ ಅಂತ ಫೋನ್ ತೆಗೆದೆ. ನೆಟ್‌ವರ್ಕ್ ಇರಲಿಲ್ಲ. ಅದು ಒಳ್ಳೆಯದೇ ಆಯಿತು. ಮುಂದೆ ಎರಡು ಮೂರು ವಾರ ಆ ಪುಸ್ತಕವನ್ನು ಮತ್ತೆ ಮತ್ತೆ ತೆಗೆದು ನಾನು ಏನೇನು ಮಾಡಿದೆನೋ ಅದನ್ನೇ ಇಲ್ಲಿ ಹೇಳುತ್ತೇನೆ. ನಿಮಗೂ ಇಂಥದೊಂದು ಪುಸ್ತಕ ಸಿಕ್ಕಿ ಮನಸ್ಸು ಕಹಿಯಾಗಿದ್ದರೆ ಹೀಗೆ ಮಾಡಿ ನೋಡಿ.

ಮನಸ್ಸು ಬಿಟ್ಟ ಪುಟ ಹುಡುಕಿ

"ಬೋರು", "ಓವರ್‌ಹೈಪ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಿಮಗೂ ತಿಳಿಯುವುದಿಲ್ಲ. ಎರಡು ದಿನ ಬಿಟ್ಟು ಪುಸ್ತಕ ತೆಗೆಯಿರಿ. ಓದುವಾಗ ಎಲ್ಲೆಲ್ಲಿ ಕೆಳಗಿಟ್ಟಿದ್ದಿರಿ ಎಂದು ನೆನಪು ಮಾಡಿಕೊಳ್ಳಿ. ಚಹಾ ಕುಡಿಯಲು ಎದ್ದಿದ್ದು ಲೆಕ್ಕಕ್ಕಿಲ್ಲ. ಎದ್ದು ಹೋದಮೇಲೆ ವಾಪಸ್ ಬರಲು ಮನಸ್ಸಾಗದೆ ಫೋನ್ ನೋಡುತ್ತ ಕೂತಿರಲ್ಲ, ಆ ಜಾಗ ಬೇಕು. ಅಲ್ಲೊಂದು ಚೀಟಿ ಇಡಿ.

ನಾನು ಸೊಸೈಟಿಯ ಕೌಂಟರ್‌ನಲ್ಲಿ ಕೆಲಸ ಮಾಡುವವಳು. ಹಿಂಬದಿ ಖಾಲಿ ಇರುವ ಹಳೇ ಚಲನ್‌ಗಳು ಮನೆ ತುಂಬ ಇವೆ. ಅವನ್ನೇ ಉದ್ದಕ್ಕೆ ಕತ್ತರಿಸಿ ಇಟ್ಟೆ. 96, 143, 210, 288. ನಾಲ್ಕೇ ಚೀಟಿ. ತೆರೆದು ನೋಡಿದರೆ ನಾಲ್ಕರಲ್ಲಿ ಮೂರು ಹಾಕಿ ಮ್ಯಾಚಿನ ಪುಟಗಳು! ಅಲ್ಲಿಯವರೆಗೆ ನನಗೆ ಪ್ರೇಮಕಥೆ ಹಿಡಿಸಲಿಲ್ಲ ಅಂದುಕೊಂಡಿದ್ದೆ. ಹುಡುಗ ಹುಡುಗಿ ಲೈಬ್ರರಿಯಲ್ಲಿ ಕೂತು ಜಗಳ ಆಡುವ ಪುಟಗಳನ್ನು ನಾನು ಒಂದೇ ಉಸಿರಿಗೆ ಓದಿದ್ದೆ. ಮನಸ್ಸು ಬಿಟ್ಟಿದ್ದು ಆಟ ಶುರುವಾದಲ್ಲಿ. ಇದು ಚೀಟಿ ಇಡದೆ ಗೊತ್ತಾಗುತ್ತಿರಲಿಲ್ಲ.

ಯಾವ ದೂರು ಸರಿ, ಯಾವುದು ಸರಿಯಲ್ಲ

ಇಲ್ಲಿ ಸ್ವಲ್ಪ ಪ್ರಾಮಾಣಿಕವಾಗಿ ಇರಬೇಕು. "ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲೇ ಗೊತ್ತಾಗಿತ್ತು" ಎನ್ನುವ ದೂರನ್ನು ನಾನು ಒಪ್ಪುವುದಿಲ್ಲ. ರೊಮಾನ್ಸ್ ಕೊಡುವ ಮಾತೇ ಅದು. ಸುಖಾಂತ ಇಲ್ಲದಿದ್ದರೆ ಓದುಗರು ಅದನ್ನು ರೊಮಾನ್ಸ್ ಎಂದು ಒಪ್ಪುವುದೇ ಇಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ, ಅಲ್ವಾ? ತಾಳಮದ್ದಲೆಗೆ ಹೋಗಿ ಕೂರುತ್ತೇವೆ. ವೇಷ ಇಲ್ಲ, ಕುಣಿತ ಇಲ್ಲ. ಕರ್ಣ ಸಾಯುತ್ತಾನೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ರಾತ್ರಿ ಎರಡು ಗಂಟೆಗೆ ನಿದ್ದೆ ಬಿಟ್ಟು ಕೇಳುತ್ತೇವೆ, ಇವತ್ತಿನ ಅರ್ಥಧಾರಿ ಕರ್ಣನ ಬಾಯಲ್ಲಿ ಏನು ಆಡಿಸುತ್ತಾನೆ ಅಂತ. ಅಂತ್ಯ ಗೊತ್ತಿರುವ ಕಥೆಯಲ್ಲಿ ದಾರಿಯೇ ಎಲ್ಲ. ಆ ದಾರಿ ಸಪ್ಪೆಯಾದರೆ ಮಾತ್ರ ದೂರು ಸಲ್ಲುತ್ತದೆ.

ರುಚಿಯ ವಿಷಯವನ್ನೂ ಬೇರೆ ಇಡಿ. "ನಾನು" ಎಂದು ಹೇಳುವ ನಿರೂಪಣೆ ನಿಮಗೆ ಆಗದಿರಬಹುದು. ಹಾಸಿಗೆ ದೃಶ್ಯ, ಈಗಿನವರು ಸ್ಪೈಸ್ ಅನ್ನುತ್ತಾರಲ್ಲ, ಅದು ಜಾಸ್ತಿ ಅನಿಸಬಹುದು, ಕಡಿಮೆ ಅನಿಸಬಹುದು. ಅದು ನಿಮ್ಮ ನಾಲಿಗೆ. ಅಪ್ಪೆಹುಳಿಗೆ ಖಾರ ಎಷ್ಟು ಎಂದು ಒಂದೇ ಮನೆಯಲ್ಲಿ ಒಮ್ಮತ ಇರುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನನಗೆ ಸಿಟ್ಟೇ ಇದೆ. ಕವರ್ ಮೇಲೆ ಮಕ್ಕಳ ಪುಸ್ತಕದಂಥ ಕಾರ್ಟೂನ್ ಚಿತ್ರ, ಒಳಗೆ ದೊಡ್ಡವರಿಗೆ ಮಾತ್ರ ಸಲ್ಲುವ ದೃಶ್ಯಗಳು. ನಮ್ಮ ಸೊಸೈಟಿಗೆ ಬರುವ ಒಬ್ಬರು ತಾಯಿ ಎಂಟನೇ ಕ್ಲಾಸಿನ ಮಗಳ ಬರ್ತ್‌ಡೇಗೆ ಇದೇ ಪುಸ್ತಕ ತರಿಸಿದ್ದರು, ಚಿತ್ರ ನೋಡಿ. ನಾನು ಕೌಂಟರ್‌ನಲ್ಲೇ ಮೆಲ್ಲಗೆ ಹೇಳಿದೆ. ನೀವು ರಿವ್ಯೂ ಬರೆಯುವುದಾದರೆ, ಪುಸ್ತಕ ಹಿಡಿಸಲಿ ಬಿಡಲಿ, ಈ ಒಂದು ಸಾಲನ್ನು ತಪ್ಪದೆ ಬರೆಯಿರಿ.

ಆಟವನ್ನು ಪರೀಕ್ಷೆ ಮಾಡಿ

ನಮ್ಮ ಕಡೆ ಐಸ್ ಅಂದರೆ ಬೈತಖೋಲ ಬಂದರಿನಲ್ಲಿ ಮೀನಿಗೆ ಹಾಕುವ ಐಸ್. ಐಸ್ ಹಾಕಿಯನ್ನು ನಾನು ಎದುರಿಗೆ ನೋಡಿದವಳಲ್ಲ. ಹಾಗಾಗಿ "ಆಟ ಸುಳ್ಳು" ಎನ್ನುವ ಮೊದಲು ಎರಡು ಸಂಜೆ ಯೂಟ್ಯೂಬ್‌ನಲ್ಲಿ ಅಮೆರಿಕದ ಕಾಲೇಜು ಮ್ಯಾಚ್ ನೋಡಿದೆ, ನಿಯಮಗಳನ್ನು ಓದಿದೆ. ನೀವೂ ಮಾಡಿ. ಪುಸ್ತಕ ಫುಟ್‌ಬಾಲಿನದಾಗಲಿ, ಬಾಸ್ಕೆಟ್‌ಬಾಲಿನದಾಗಲಿ, ಒಂದು ಪೂರ್ತಿ ಮ್ಯಾಚ್ ಸಾಕು.

ಹಾಕಿಗೆ ತಿಳಿಯಬೇಕಾದ್ದು ಬಹಳ ಇಲ್ಲ. ಒಂದು ಕಡೆಗೆ ಗೋಲಿ, ಅಂದರೆ ಗೋಲು ಕಾಯುವವರು, ಸೇರಿ ಆರು ಜನ. ಇಪ್ಪತ್ತು ನಿಮಿಷದ ಮೂರು ಪಿರಿಯಡ್. ಓಟ ಎಷ್ಟು ಜೋರೆಂದರೆ ಆಟಗಾರರು ಸಾಮಾನ್ಯವಾಗಿ ಒಂದು ನಿಮಿಷದೊಳಗೇ ಬೆಂಚಿಗೆ ಬರುತ್ತಾರೆ, ಆಟ ನಡೆಯುತ್ತಿರುವಾಗಲೇ ಬೇರೆಯವರು ಒಳಗೆ ಜಿಗಿಯುತ್ತಾರೆ. ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ, ತಂಡಕ್ಕೆ ಒಬ್ಬರು ಕಡಿಮೆ. ಕಾಲೇಜು ಹಾಕಿಯಲ್ಲಿ ಪೂರ್ತಿ ಮುಖ ಮುಚ್ಚುವ ಜಾಲರಿ ಅಥವಾ ಶೀಲ್ಡ್ ಕಡ್ಡಾಯ. ಹೊಡೆದಾಡಿದರೆ ಆ ಮ್ಯಾಚಿನಿಂದ ಹೊರಗೆ, ಮುಂದಿನ ಮ್ಯಾಚಿಗೂ ಇಲ್ಲ. ಗುದ್ದಾಡಿ ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂತು ಮತ್ತೆ ಆಡಲು ಬರುವುದೆಲ್ಲ ಎನ್‌ಎಚ್‌ಎಲ್‌ನಲ್ಲಿ, ಅಂದರೆ ಸಂಬಳಕ್ಕೆ ಆಡುವವರ ಲೀಗಿನಲ್ಲಿ.

ಈಗ 210ನೇ ಪುಟಕ್ಕೆ ಬನ್ನಿ. ನಾಯಕಿಯ ಹಳೇ ಗೆಳೆಯ ಎದುರು ತಂಡದಲ್ಲಿದ್ದಾನೆ. ಏನೋ ಅನ್ನುತ್ತಾನೆ. ನಾಯಕ ಗ್ಲೌಸ್ ಬಿಸಾಡಿ ಗುದ್ದುತ್ತಾನೆ. ಐದು ನಿಮಿಷ ಹೊರಗೆ ಕೂರುತ್ತಾನೆ. ಅವನ ತುಟಿ ಒಡೆದು ಗದ್ದದ ಮೇಲೆ ರಕ್ತ ಇಳಿಯುವುದನ್ನು ಅವಳು ಗ್ಯಾಲರಿಯಿಂದ ನೋಡುತ್ತಾಳೆ. ಅವನು ಎದ್ದು ಬಂದು ಗೆಲುವಿನ ಗೋಲು ಹೊಡೆಯುತ್ತಾನೆ. ರಾತ್ರಿ ಇಬ್ಬರೂ ಒಂದಾಗುತ್ತಾರೆ.

ಮುಖದ ಮೇಲೆ ಜಾಲರಿ ಇದ್ದರೆ ಆ ತುಟಿ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಅದನ್ನು ಬಿಡಿ, ತಪ್ಪು ಹಿಡಿಯುವುದು ನನ್ನ ಉದ್ದೇಶ ಅಲ್ಲ. ಆ ನಿಯಮವನ್ನು ನಿಜವಾಗಿ ಬಳಸಿದ್ದರೆ ಕಥೆಗೆ ಎಂಥ ಜಾಗ ಸಿಗುತ್ತಿತ್ತು ನೋಡಿ. ಅವನು ಗುದ್ದುತ್ತಾನೆ. ಮ್ಯಾಚಿನಿಂದ ಹೊರಗೆ. ಮುಂದಿನ ವಾರದ ಮುಖ್ಯ ಮ್ಯಾಚಿಗೂ ಕ್ಯಾಪ್ಟನ್ ಇಲ್ಲ. ಅವನು ಜರ್ಸಿ ಬಿಟ್ಟು ಮಾಮೂಲಿ ಬಟ್ಟೆಯಲ್ಲಿ ಜನರ ನಡುವೆ ಕೂತು ತನ್ನ ತಂಡ ಒದ್ದಾಡುವುದನ್ನು ನೋಡಬೇಕು. ಜೊತೆಯ ಹುಡುಗರ ಮುಖ ನೋಡಬೇಕು. ಅವಳು ಕೇಳುತ್ತಾಳೆ, "ನನಗಾಗಿ ಗುದ್ದು ಅಂತ ನಾನು ಹೇಳಿದ್ನಾ?" ಇಬ್ಬರೂ ಆಡಲೇಬೇಕಾದ ಒಂದು ಮಾತು ಅಲ್ಲಿ ಹುಟ್ಟುತ್ತಿತ್ತು. ಪುಸ್ತಕದಲ್ಲಿ ಆ ಗುದ್ದಿಗೆ ಅವನು ಏನನ್ನೂ ತೆತ್ತಿಲ್ಲ. ಏನನ್ನೂ ತೆರದವನ ಪ್ರೀತಿಯನ್ನು ನಾನು ಹೇಗೆ ನಂಬಲಿ?

ಮ್ಯಾಚ್ ಅಂದರೆ ಏನು ಮಾಡಬಲ್ಲದು ಎಂದು ನನಗೆ ಗೊತ್ತಿದೆ, ಅದಕ್ಕೇ ಇಷ್ಟು ನೋವು. ಎರಡನೇ ವರ್ಷ ಧಾರವಾಡದಲ್ಲಿ ಇಂಟರ್‌ಕಾಲೇಜ್ ಸೆಮಿಫೈನಲ್. ಮೂರನೇ ಸೆಟ್‌ನಲ್ಲಿ ಬ್ಲಾಕಿಗೆ ಹಾರಿ ಇಳಿಯುವಾಗ ನನ್ನ ಪಾದ ಮಡಚಿತು. ವಾಲಿಬಾಲ್‌ನಲ್ಲಿ ಹೊರಗೆ ಹೋದವರು ಆ ಸೆಟ್‌ನಲ್ಲಿ ಒಂದೇ ಸಲ ವಾಪಸ್ ಬರಬಹುದು, ಅದೂ ತಮ್ಮ ಜಾಗಕ್ಕೆ ಬಂದವರ ಬದಲಿಗೇ. ನಾನು ವಾಪಸ್ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ನನ್ನ ಜಾಗಕ್ಕೆ ಬಂದವಳ ಜೊತೆ ಒಂದು ತಿಂಗಳಿಂದ ಮಾತು ಬಿಟ್ಟಿದ್ದೆ. ಅವಳು ಎತ್ತಿದ ಮೊದಲ ಬಾಲ್ ನೆಟ್ಟಿಗೆ ತೀರಾ ಹತ್ತಿರ ಹೋಯಿತು. ಬೆಂಚಿನಿಂದ "ಹಿಂದೆ ಕೊಡು, ಹಿಂದೆ ಕೊಡು" ಎಂದು ಕೂಗಿದೆ. ಅವಳು ತಿರುಗಿ ನೋಡಲಿಲ್ಲ, ತಲೆ ಮಾತ್ರ ಆಡಿಸಿದಳು. ಮುಂದಿನ ಬಾಲ್ ಸರಿಯಾಗಿ ಬಂತು. ಮ್ಯಾಚ್ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಬಾತ ಕಾಲನ್ನು ಅವಳು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮುಂಡಗೋಡದವರೆಗೂ ಇಬ್ಬರೂ ಮಾತಾಡಲಿಲ್ಲ. ಅಲ್ಲಿ ಬಸ್ ನಿಂತಾಗ ಇಳಿದು ಹೋಗಿ ಎರಡು ಚಹಾ ತಂದಳು.

ಆದ್ದರಿಂದ ಹೀಗೆ ಮಾಡಿ. ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆಯಿರಿ. ಪುಸ್ತಕದ ಪ್ರತಿ ಮ್ಯಾಚಿಗೂ ಎಡಗಡೆ, ಆಟಕ್ಕೆ ಮೊದಲು ಇಬ್ಬರ ನಡುವೆ ಏನಿತ್ತು ಎಂದು ಬರೆಯಿರಿ. ಬಲಗಡೆ, ಆಟ ಮುಗಿದಮೇಲೆ ಏನಿದೆ. ಒಂದೊಂದು ಸಾಲು ಸಾಕು. ನನ್ನ ಪುಸ್ತಕದಲ್ಲಿ ಏಳು ಮ್ಯಾಚ್ ಇದ್ದವು. ಐದರಲ್ಲಿ ಎಡಕ್ಕೂ ಬಲಕ್ಕೂ ಒಂದೇ ಮಾತು ಬರೆಯಬೇಕಾಯಿತು. ಆಟ ತೆಗೆದುಹಾಕಿ ನಾಯಕನನ್ನು ಗಿಟಾರ್ ಬಾರಿಸುವವನನ್ನಾಗಿ ಮಾಡಿದರೂ ಕಥೆ ಒಂದಿಂಚು ಅಲುಗುವುದಿಲ್ಲ. ಹಾಗಾದರೆ ಆಟ ಅಲ್ಲಿ ಬರೀ ಜರ್ಸಿ.

ಇನ್ನೊಂದು ಸಣ್ಣ ಗುರುತು, ವಾಸನೆ. ನಾಯಕ ಪ್ರತಿ ಮ್ಯಾಚ್ ಮುಗಿದಮೇಲೂ ಪುದೀನ, ದೇವದಾರು ಅಂತ ಘಮಘಮ ಅನ್ನುತ್ತಾನೆ. ಮಳೆಗಾಲದಲ್ಲಿ ನಾವು ಮೊಣಕಾಲಿಗೆ ಹಾಕುವ ನೀ ಕ್ಯಾಪ್‌ಗಳನ್ನು ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ ಒಣಗಿಸುತ್ತಿದ್ದೆವು. ಹೊಗೆ, ಬೆವರು, ಒದ್ದೆ ರಬ್ಬರು ಸೇರಿದ ಆ ವಾಸನೆ ಇನ್ನೂ ಮೂಗಿನಲ್ಲಿದೆ. ಅಷ್ಟು ಗಿಯರ್ ತೊಟ್ಟು ಆಡುವ ಹಾಕಿಯಲ್ಲಿ ಇನ್ನೂ ಜಾಸ್ತಿಯೇ ಇರಬೇಕು. ಬರೆದವರು ಒಮ್ಮೆಯಾದರೂ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತಿದ್ದಾರಾ ಎಂದು ಇಂಥ ಒಂದು ಸಾಲಿನಲ್ಲಿ ತಿಳಿಯುತ್ತದೆ.

ಹುಡುಗಿಗೆ ಸ್ವಂತ ಬದುಕು ಇದೆಯಾ

ಇದಕ್ಕೆ ಬಹಳ ಹೊತ್ತು ಬೇಡ. ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಅವನು ಜೊತೆಗಿಲ್ಲದಾಗ, ಅವಳು ಏನು ಮಾಡುತ್ತಿರುತ್ತಾಳೆ? ಉತ್ತರ ಪುಸ್ತಕದಲ್ಲಿ ಸಿಗಬೇಕು. ಈ ಪುಸ್ತಕದ ಹುಡುಗಿ ನಾಲ್ಕನೇ ಅಧ್ಯಾಯದಲ್ಲಿ ಸಂಶೋಧನೆಗೆ ಅರ್ಜಿ ಹಾಕುತ್ತಾಳೆ. ಅದು ಏನಾಯಿತು ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಮತ್ತೆ ಆಟಗಾರ್ತಿಯರು ಎಲ್ಲಿ? ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂಬ ಟೈಟಲ್ ನೈನ್ ಕಾನೂನು ಅಮೆರಿಕದಲ್ಲಿ 1972ರಲ್ಲೇ ಬಂದಿದೆ. ಕಾಲೇಜು ಹೆಣ್ಣುಮಕ್ಕಳ ಐಸ್ ಹಾಕಿಗೆ 2001ರಿಂದ ಅಲ್ಲಿನ ಕಾಲೇಜು ಆಟಗಳ ಸಂಸ್ಥೆಯಾದ ಎನ್‌ಸಿಎಎಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತಿದೆ. ನಾನೂರು ಪುಟದಲ್ಲಿ ಸ್ಕೇಟ್ ಕಟ್ಟಿಕೊಂಡ ಒಬ್ಬ ಹುಡುಗಿ ಕಾಣಲಿಲ್ಲ. ಆಡಿ ಬಂದ ನನಗೆ ಇದು ಚುಚ್ಚಿತು.

ಇಷ್ಟಪಟ್ಟವರ ಜೊತೆ ಮಾತಾಡಿ

ಆಗಸ್ಟಿನಲ್ಲಿ ಮಳೆ ಎರಡು ದಿನ ಬಿಟ್ಟಿತ್ತು. ಘಟ್ಟ ಇಳಿದು ಕಾರವಾರಕ್ಕೆ ಅಕ್ಕನ ಮಗಳ ಹತ್ತಿರ ಹೋದೆ, ಪುಸ್ತಕ ಬ್ಯಾಗಿನಲ್ಲೇ ಇತ್ತು. ಟ್ಯಾಗೋರ್ ಬೀಚಿನಲ್ಲಿ ಗಾಳಿಮರದ ಕೆಳಗೆ ಕೂತೆವು. ಸಮುದ್ರ ಕೆಂಪಾಗಿ ಅಬ್ಬರಿಸುತ್ತಿತ್ತು. ನಾಲ್ಕು ಚೀಟಿ ನೋಡಿದ ಕೂಡಲೇ ಅವಳ ಮುಖ ಸಣ್ಣಗಾಯಿತು. "ನಿಂಗೆ ಇಷ್ಟ ಆಗ್ಲಿಲ್ಲ ಅಲ್ವಾ ಚಿಕ್ಕಿ?"

ಇಂಥ ಹೊತ್ತಲ್ಲಿ ನಿಮ್ಮ ದೂರುಗಳನ್ನು ತಕ್ಷಣ ಹರಡಬೇಡಿ. ಮೊದಲು ಅವರಿಗೆ ಹಿಡಿಸಿದ ಪುಟ ಕೇಳಿ. ಪುಟವನ್ನೇ ಕೇಳಿ, ಕಾರಣ ಆಮೇಲೆ ತಾನಾಗಿ ಬರುತ್ತದೆ. ಅವಳು ಹುಡುಕದೆ 171 ತೆರೆದಳು. ನಾಯಕಿಗೆ ಪರೀಕ್ಷೆಯ ಭಯ, ಕೈ ನಡುಗುತ್ತಿದೆ. ನಾಯಕ ಏನೂ ಹೇಳದೆ ಪರೀಕ್ಷೆಯ ಕೋಣೆಯ ಹೊರಗೆ ಮೂರು ತಾಸು ನೆಲದ ಮೇಲೆ ಕೂತಿರುತ್ತಾನೆ. ಅವಳು ಬಾಗಿಲು ತೆಗೆದಾಗ ಅವನಿಗೆ ನಿದ್ದೆ ಹತ್ತಿದೆ, ಬಾಯಿ ತೆರೆದಿದೆ. "ಫಸ್ಟ್ ಸೆಮ್‌ನಲ್ಲಿ ಹಾಸ್ಟೆಲ್‌ನಲ್ಲಿ ನಿದ್ದೇನೇ ಬರ್ತಿರ್ಲಿಲ್ಲ ಚಿಕ್ಕಿ. ಆವಾಗ ಇದನ್ನ ಮೂರು ಸಲ ಓದಿದೀನಿ" ಎಂದಳು. ಅವಳಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೂ. ನಾನು ಆ ಪುಟವನ್ನು ಅಲ್ಲೇ ಮತ್ತೆ ಓದಿದೆ. ನಿಜಕ್ಕೂ ಒಳ್ಳೆಯ ಪುಟ. ಮೊದಲ ಓದಿನಲ್ಲಿ 143ರ ಸಿಟ್ಟಿನಲ್ಲೇ ಇದನ್ನು ದಾಟಿಬಿಟ್ಟಿದ್ದೆ.

ಆಮೇಲೆ ಇಬ್ಬರೂ ಒಂದು ಪರೀಕ್ಷೆ ಮಾಡಿದೆವು. ಇದನ್ನು ನೀವೂ ಮಾಡಲೇಬೇಕು. ಇಂಥ ಪುಸ್ತಕಗಳಲ್ಲಿ ಬಹಳಷ್ಟು ಸಲ ಒಂದು ಅಧ್ಯಾಯ ಅವಳ ಬಾಯಲ್ಲಿ, ಒಂದು ಅವನ ಬಾಯಲ್ಲಿ ಇರುತ್ತದೆ. ಒಬ್ಬರು ಕಣ್ಣು ಮುಚ್ಚಿ ಎಲ್ಲಾದರೂ ತೆರೆದು, ಹೆಸರು ಬಂದಲ್ಲಿ ಬಿಟ್ಟು, ಐದು ಸಾಲು ಓದಬೇಕು. ಮಾತಾಡುತ್ತಿರುವುದು ಯಾರು ಎಂದು ಇನ್ನೊಬ್ಬರು ಹೇಳಬೇಕು. ಅವಳು ಓದಿದಳು, ನಾನು ಹತ್ತರಲ್ಲಿ ನಾಲ್ಕು ತಪ್ಪು ಹೇಳಿದೆ. ನಾನು ಓದಿದೆ, ಮೂರು ಸಲ ಓದಿದ ಅವಳೂ ಮೂರು ತಪ್ಪು ಹೇಳಿದಳು. ಐಸ್ ಮೇಲೆ ಬೆಳೆದ ಹುಡುಗನೂ ಲೈಬ್ರರಿಯಲ್ಲಿ ಬೆಳೆದ ಹುಡುಗಿಯೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಅವಳು ಪುಸ್ತಕ ಮುಚ್ಚಿ, "ಹೌದಲ್ಲ" ಎಂದಳು. ಮುಖದಲ್ಲಿ ಆಗ ಬೇಜಾರು ಇರಲಿಲ್ಲ.

ರಿವ್ಯೂ ಬರೆಯುವಾಗ

ಬರೆದವರನ್ನೂ ಓದಿ ಮೆಚ್ಚಿದವರನ್ನೂ ಬೈಯಬೇಡಿ. ಕಥೆಯ ಗುಟ್ಟು ಹೇಳುವುದಾದರೆ ಮೊದಲೇ ಎಚ್ಚರಿಸಿ. ಪುಟದ ಸಂಖ್ಯೆ ಕೊಡಿ, ಓದುವವರು ತಾವೇ ತೆರೆದು ನೋಡಲಿ. ನಾನು ಕೊನೆಗೆ ಎರಡು ಸ್ಟಾರ್ ಕೊಟ್ಟು ಬರೆದಿದ್ದು ಇಷ್ಟು:

"ಲೈಬ್ರರಿಯ ಜಗಳಗಳು, 171ನೇ ಪುಟ ಬಹಳ ಚೆನ್ನಾಗಿವೆ. ಹಾಕಿಗಾಗಿ ಓದುವವರಿಗೆ ನಿರಾಸೆ ಆಗುತ್ತದೆ. ಏಳು ಮ್ಯಾಚಿನಲ್ಲಿ ಐದು ಕಥೆಯನ್ನು ಮುಂದೆ ಒಯ್ಯುವುದಿಲ್ಲ. 210ರಲ್ಲಿ ನಾಯಕ ಹೊಡೆದಾಡಿ ಐದು ನಿಮಿಷಕ್ಕೆ ವಾಪಸ್ ಬರುತ್ತಾನೆ, ಕಾಲೇಜು ಹಾಕಿಯಲ್ಲಿ ಅದಕ್ಕೆ ಅವಕಾಶ ಇಲ್ಲ. ಇಬ್ಬರ ದನಿಯೂ ಒಂದೇ. ಕವರ್ ನೋಡಿ ಮಕ್ಕಳಿಗೆ ಕೊಡಬೇಡಿ, ಇದು ಹದಿನೆಂಟು ದಾಟಿದವರಿಗೆ."

ಇಷ್ಟು ಬರೆಯಲು ಒಂದು ಸಂಜೆ ಹಿಡಿಯಿತು. ಬರೆದಮೇಲೆ ಎದೆ ಹಗುರಾಯಿತು.

ಮುಂದಿನದನ್ನು ಆರಿಸುವಾಗ

ರೀಲ್ ನೋಡಿ ದುಡ್ಡು ಹಾಕಬೇಡಿ. ಕಿಂಡಲ್‌ನಲ್ಲಿ ಶುರುವಿನ ಭಾಗ ಪುಕ್ಕಟೆ ಓದಲು ಕೊಡುತ್ತಾರೆ, ಅದನ್ನು ಇಳಿಸಿಕೊಳ್ಳಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿ ಬರೆಯುತ್ತಾರೆ, ಅದಕ್ಕೆ ಮರುಳಾಗಬೇಡಿ. ಮೊದಲ ಮ್ಯಾಚ್ ಎಲ್ಲಿದೆ ಹುಡುಕಿ, ಅದನ್ನು ಓದಿ. ಆಟಗಾರರಿಗೆ ದಣಿವಾಗುತ್ತದಾ, ಬೆಂಚಿನಲ್ಲಿ ಯಾರಾದರೂ ಮಾತಾಡುತ್ತಾರಾ, ಸೋತರೆ ಏನು ಹೋಗುತ್ತದೆ ಎಂದು ಗೊತ್ತಾಗುತ್ತದಾ ನೋಡಿ. ರಿವ್ಯೂಗಳಲ್ಲಿ ಐದು ಸ್ಟಾರಿನದನ್ನೂ ಒಂದು ಸ್ಟಾರಿನದನ್ನೂ ಬಿಟ್ಟು ಮೂರರದ್ದನ್ನು ಓದಿ. ಅವರು ಇಷ್ಟವನ್ನೂ ಬೇಜಾರನ್ನೂ ಎರಡನ್ನೂ ಬರೆದಿರುತ್ತಾರೆ.

ಕಳೆದ ವಾರ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಇನ್ನೊಂದು ಪುಸ್ತಕದ ಒಂದು ಪುಟದ ಫೋಟೋ ಕಳಿಸಿದಳು. ಮೊದಲ ಮ್ಯಾಚಿನ ಪುಟ. "ಚಿಕ್ಕಿ, ಇದ್ರಲ್ಲಿ ಹುಡುಗೀನೇ ಗೋಲಿ. ಮೊದ್ಲ ಮ್ಯಾಚ್‌ನಲ್ಲೇ ನಾಲ್ಕು ಗೋಲು ಬಿಡ್ತಾಳೆ" ಎಂದು ಕೆಳಗೆ ಬರೆದಿದ್ದಳು. ಫೋಟೋ ದೊಡ್ಡದು ಮಾಡಿ ಓದಿದೆ. ನಾಲ್ಕನೇ ಗೋಲು ಆದಮೇಲೆ ಆ ಹುಡುಗಿ ನೀರಿನ ಬಾಟಲಿ ಎತ್ತಿ ಮುಖದ ಜಾಲರಿಯ ಮೇಲೆಯೇ ಸುರಿದುಕೊಳ್ಳುತ್ತಾಳೆ, ಯಾರ ಕಡೆಗೂ ನೋಡುವುದಿಲ್ಲ. ಚೌತಿಗೆ ಬರುವಾಗ ಮರೆಯದೆ ತಾ ಎಂದು ಬರೆದಿದ್ದೇನೆ.